ಚೆಕ್‌ರೋಲು

ಸೂರ್ಯ ಯಾವುದರಿಂದ ಆಗಿದ್ದಾನೆ ಅಂತ
ನಾನು ತಲೆ ಕೆಡಿಸಿಕೊಂಡವನಲ್ಲ.
ಇಪ್ಪತ್ತೆರಡು ವರ್ಷದಿಂದ ಎಸ್ಟೇಟಿನ ರೈಟರು.
ನನ್ನ ಲೆಕ್ಕದಲ್ಲಿ ಅವನು ಇಷ್ಟೇ:
ಚೆರಿ ಒಣಗಲು ಹನ್ನೆರಡು ದಿನ,
ಮೋಡ ಕವಿದರೆ ಹದಿನೆಂಟು,
ಹನಿ ಬಿದ್ದರೆ ಮಾಲೀಕರ ಫೋನು.

ಆ ಡಿಸೆಂಬರು ಕುಟ್ಟದಲ್ಲಿ ಗ್ರಹಣ.
ಲೈನ್ ಮನೆಗಳ ಬಾಗಿಲು ಅರ್ಧ ಮುಚ್ಚಿತ್ತು.
ಕಣಕ್ಕೆ ದೇಚಮ್ಮ ಟೀಚರ್ ಬಂದರು,
ಹಿಂದೆ ಎಂಟು ಮಕ್ಕಳು, ಕೈಯಲ್ಲಿ ಚಪ್ಪಲಿ ಡಬ್ಬಿ.
ಬ್ಲೇಡಿನಲ್ಲಿ ಸೀಳಿದ ಒಂದು ಸಂದು,
ಒಳಗೆ ಹಳೇ ಸಿನಿಮಾ ಸಿಡಿಯ ಚೂರು.
'ಸೂರ್ಯನ ಕಡೆ ಬೇಡ, ಗೋಡೆ ಮೇಲಿನ ಬಿಸಿಲಿಗೆ ಹಿಡೀರಿ.'

ಬಣ್ಣದ ಪಟ್ಟಿ.
ಕಣ್ಣು ಪಳಗಿದ ಮೇಲೆ
ನಡುನಡುವೆ ಕೂದಲೆಳೆಯಷ್ಟು ಕಪ್ಪು.
'ಅಲ್ಲಿ ಬಣ್ಣ ಇಲ್ಲ ಅಂದರೆ
ಅದನ್ನು ತಿಂದವರು ಸೂರ್ಯನಲ್ಲಿ ಇದ್ದಾರೆ ಅಂತ.
ಕಬ್ಬಿಣ, ಸೋಡಿಯಂ, ನಮ್ಮ ಸುಣ್ಣದ ಕ್ಯಾಲ್ಸಿಯಂ,
ಎಲ್ಲ ಸೇರಿ ಒಂದು ಚಿಟಿಕೆ.
ಮುಕ್ಕಾಲು ಪಾಲು ಹೈಡ್ರೋಜನ್, ಮಿಕ್ಕಿದ್ದು ಹೀಲಿಯಂ.
ಹೀಲಿಯಂ ಮೊದಲು ಕಂಡಿದ್ದೇ ಅಲ್ಲಿ,
ಇಂಥದೇ ಒಂದು ಗ್ರಹಣದಲ್ಲಿ, ಹಳದಿ ಗೆರೆಯಾಗಿ.
ಭೂಮಿಯಲ್ಲಿ ಸಿಕ್ಕಿದ್ದು ಆಮೇಲೆ.'
'ಬಲೂನಿಂದಾ ಮಿಸ್?'
'ಬಲೂನಿಂದೇ.'

ನಾನು ಡಬ್ಬಿ ಇಳಿಸಲಿಲ್ಲ.
ಇದು ನನ್ನ ಪುಸ್ತಕ.
ಉದ್ದಕ್ಕೂ ನೀಲಿ ಶಾಯಿಯ ಟಿಕ್ಕು, ನಡುವೆ ಖಾಲಿ ಚೌಕ.
ಒಂದೇ ಹೆಸರು ವಾರವಿಡೀ ಖಾಲಿ: ಹೆರಿಗೆ, ಇಲ್ಲ ಜಗಳ.
ಐದಾರು ಹೆಸರು ಒಟ್ಟಿಗೇ: ರಾತ್ರಿ ಆನೆ ಇಳಿದಿದೆ.
ಇಡೀ ಕಾಲಂ: ಹಬ್ಬ.
ಖಾಲಿಗೆ ಕೂಲಿಯಿಲ್ಲ.
ಓದಲು ಬರುತ್ತಿತ್ತು, ಆದರೂ ಇಷ್ಟು ವರ್ಷ
ಸೊನ್ನೆಯೆಂದೇ ಕೂಡಿದ್ದೆ.

ಬೆಳಕು ತೆಳ್ಳಗಾಯಿತು,
ಎರಡನೇ ಸಲ ಸೋಸಿದ ಕಾಫಿಯ ಹಾಗೆ.
ಕಾಲಡಿಯ ಸಿಮೆಂಟು ತಣ್ಣಗೆ.
ಕೋಳಿಯೊಂದು ಗೂಡಿನವರೆಗೆ ಹೋಗಿ, ಅನುಮಾನಿಸಿ, ನಿಂತಿತು.

ಗ್ರಹಣ ನೋಡಬಾರದೆಂದು
ಸೂರ್ಯನಿಗೆ ಬೆನ್ನು ಹಾಕಿ ಕೂತಿದ್ದ ಬೊಳ್ಳಿ
ಮನೆಯಿಂದ ತಂದ ತರಿಯ ಜರಡಿಯನ್ನು
ಸುಮ್ಮನೆ ಬಿಸಿಲಿಗೆ ಅಡ್ಡ ಹಿಡಿದಿದ್ದಳು.
ಒಂದೊಂದು ತೂತಿನಿಂದ ಒಂದೊಂದು ಉಂಗುರ
ಅವಳ ಪಾದದ ಮೇಲೆ, ಸೀಳಿದ ಹಿಮ್ಮಡಿಯ ಮೇಲೆ,
ಇನ್ನೂ ಒಣಗದ ಚೆರಿಯ ಕೆಂಪಿನ ಮೇಲೆ.
ಟೀಚರ್ ಕನ್ನಡಕ ತೆಗೆದರು.
ಮಕ್ಕಳು ಆಕಾಶ ಬಿಟ್ಟು ನೆಲ ನೋಡಿದರು.

'ಎಣಿಸ್ಕೊಳ್ಳಿ ರೈಟರೇ,' ಅಂದಳು.

ಮೂರು ನಿಮಿಷ. ಆಗಲಿಲ್ಲ.

ಸಂಜೆ ಮೇಸ್ತ್ರಿ, ಬೊಳ್ಳಿ ಬೆಳಿಗ್ಗೆಯೆಲ್ಲ ಕೂತಿದ್ದಳು, ಅರ್ಧ ದಿನ ಹಾಕಿ, ಅಂದ.
ನಾನು ಪೂರ್ತಿ ಹಾಕಿದೆ.
ಷರಾ ಕಾಲಮ್ಮಿನಲ್ಲಿ ಏನು ಬರೆಯಲೆಂದು
ಬಹಳ ಹೊತ್ತು ಹೊಳೆಯದೆ
ಬರೆದೆ: ಜರಡಿ ಕೆಲಸ.