ಅಳತೆ ಪುಸ್ತಕ

ಮೇ ಕೊನೆಯ ವಾರ ನನ್ನ ಅಂಗಡಿಯಲ್ಲಿ
ಯೂನಿಫಾರ್ಮಿನ ನೀಲಿ ಬಿಟ್ಟರೆ ಬೇರೆ ಬಣ್ಣವಿಲ್ಲ.
ಕೋಡಿಬಾಗದ ತಾಯಂದಿರೆಲ್ಲ ಹೇಳುವುದು ಒಂದೇ ಮಾತು:
"ಸುಮಿತ್ರಕ್ಕಾ, ಕೆಳಗೆ ಎರಡಿಂಚು ಮಡಚಿ ಬಿಡು,
ಬೆಳೆಯೋ ಮಗು."

ಅವಳನ್ನು ಕರೆತಂದವ ಹಾಗೆ ಹೇಳಲಿಲ್ಲ.
"ತೋಳು ಪೂರ್ತಿ ಇರಲಿ" ಅಂದ, "ಮಣಿಕಟ್ಟಿನ ತನಕ."
ಶಾಲೆಯವರದು ಅರ್ಧ ತೋಳು, ಅಂದೆ.
ಕಾರವಾರದ ಸೆಕೆ, ಅಂದೆ.
"ಅವಳಿಗೆ ಸೆಕೆಯಾಗುವುದಿಲ್ಲ."

ಟೇಪು ತಾಗಿದ್ದಕ್ಕೇ ಉಸಿರು ಹಿಡಿದಳು.
ಮಕ್ಕಳು ಕಚಗುಳಿಗೆ ನಗುತ್ತಾರೆ, ಹೊಟ್ಟೆ ಉಬ್ಬಿಸಿ ಆಡುತ್ತಾರೆ,
ಚಾಕಿನ ಚೂರು ಕದಿಯುತ್ತಾರೆ, ಇಪ್ಪತ್ತಾರು ವರ್ಷ ನೋಡಿದ್ದೇನೆ.
ಇವಳು ಕ್ಯಾಲೆಂಡರಿನ ಒಂದೇ ತಾರೀಖು ನೋಡುತ್ತ ನಿಂತಳು.
ತೋಳಿನ ಮೇಲಿದ್ದುದನ್ನು ನಾನು ಅಳೆಯಲಿಲ್ಲ.
ಅಳೆಯದೆಯೇ ಗೊತ್ತಾಯಿತು, ಅದು ದೊಡ್ಡವರ ಕೈ.

ರಾತ್ರಿ ಹೋದ ವರ್ಷದ ಪುಸ್ತಕ ತೆಗೆದೆ.
ಸೊಂಟ: ಇಪ್ಪತ್ತೆರಡೂವರೆ.
ಈ ವರ್ಷ: ಇಪ್ಪತ್ತೊಂದು.
ನನ್ನ ಕೈಬರಹವೇ. ಎರಡು ಸಲ ನೋಡಿದೆ.
ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆ. ಮಗು?

ಶೇವಂತಿ ತಾಂಡೇಲ ಬುಟ್ಟಿ ಇಳಿಸಿ ಬಂಗಡೆ ಎಣಿಸುತ್ತ
"ಆ ಮನೆಯಲ್ಲಿ ಹೊತ್ತಲ್ಲದ ಹೊತ್ತಿಗೆ ಟಿವಿ ಜೋರು ಮಾಡ್ತಾರೆ" ಅಂದಳು,
ಅಂದು, ಬೆಲೆಯ ಮಾತಿಗೆ ಬಂದಳು.
ಸದಾಶಿವಗಡ ಬಸ್ಸಿನ ಕಂಡಕ್ಟರ್ ಬೊಮ್ಮು ಗೌಡರು:
"ಶಾಲೆ ಬಿಟ್ಟ ಮೇಲೆ ತನ್ನ ಸ್ಟಾಪಿನಲ್ಲಿ ಇಳಿಯೋದಿಲ್ಲ ಅದು.
ಕಾಳಿ ಸೇತುವೆ ದಾಟಿ ಇನ್ನೊಂದು ಟ್ರಿಪ್ಪು ಬರ್ತದೆ.
ನಾನೂ ಟಿಕೆಟ್ ಕೇಳೋದಿಲ್ಲ."
ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುಂಡು.
ಅದನ್ನಿಟ್ಟುಕೊಂಡು ನಿಟ್ಟುಸಿರು ಬಿಟ್ಟು ಮನೆಗೆ ಹೋಗುವವರು ನಾವು.
ಹೊಲಿಯುವವಳು ಯಾರು ಇಲ್ಲಿ?

ಗಂಡ ಹೇಳಿದ್ದು ಸುಳ್ಳಲ್ಲ:
ಅಂಗಡಿಯ ಬಾಡಿಗೆ ಹೋಗುವುದು ಆ ಮನುಷ್ಯನ ಅಣ್ಣನಿಗೇ.
"ನಾಳೆ ಏನೂ ಅಲ್ಲ ಅಂತಾದರೆ?
ಊರಲ್ಲಿ ಮುಖ ಎತ್ತಿ ತಿರುಗಬೇಡವಾ?"
ಕತ್ತರಿಗೆ ಎಣ್ಣೆ ಬಿಡುತ್ತ ಕೂತೆ. ಮೂರು ದಿನ.
ಹೇಳಲು ನಾಚಿಕೆಯಾಗುತ್ತದೆ, ಆದರೂ ಮೂರು.
ಹಳೆಯ ಪುಸ್ತಕವೊಂದರಲ್ಲಿ ಇನ್ನೊಂದು ಹೆಸರುಂಟು,
ಆಗ ನಾನು ಸುಮ್ಮನಿದ್ದದ್ದು ಮೂರು ದಿನವಲ್ಲ.
ಆ ಪುಟ ತೆರೆಯುವುದಿಲ್ಲ.

ಒಂದು, ಸೊನ್ನೆ, ಒಂಬತ್ತು, ಎಂಟು.
ನಾಲ್ಕೇ ಅಂಕಿ. ಎದೆ, ಸೊಂಟ, ತೋಳು, ಉದ್ದ ಬರೆದಷ್ಟೇ.
ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಎಷ್ಟು ವರ್ಷದಿಂದ ಇತ್ತೋ,
ಕವಳದ ಉಗುಳು ಎಂಟರ ಅರ್ಧ ಮುಚ್ಚಿತ್ತು.
"ಖಾತ್ರಿ ಇಲ್ಲ ನನಗೆ" ಅಂದೆ, ಮೊದಲಿಗೇ.
ಆ ಕಡೆಯ ಹುಡುಗಿ ಹೇಳಿದಳು:
"ಖಾತ್ರಿ ಮಾಡೋದು ನಮ್ಮ ಕೆಲಸ. ನೀವು ಕಂಡದ್ದು ಹೇಳಿ ಸಾಕು.
ಹೆಸರು ಹೇಳದಿದ್ದರೂ ನಡೀತದೆ."
ಹೇಳಿದೆ. ಇಂಚು ಸಮೇತ.
ಕೊನೆಗೆ ಹೆಸರನ್ನೂ.
ಸುಮಿತ್ರಾ ಗುನಗಿ, ಹೊಲಿಗೆ ಕೆಲಸ, ಕೋಡಿಬಾಗ.
ಯಾಕೋ, ಹೇಳದಿದ್ದರೆ
ಗುಂಡಿ ಹಾಕದ ಅಂಗಿ ಕೊಟ್ಟ ಹಾಗೆ ಅನಿಸಿತು.

ಆಮೇಲೆ ಶೇವಂತಿಯೂ ಹೇಳಿದಳಂತೆ, ಮೀನಿನ ಕೈಯಲ್ಲೇ ಸಹಿ.
ಬೊಮ್ಮು ಗೌಡರು ಡ್ಯೂಟಿಗೆ ಒಂದು ದಿನ ರಜೆ ಹಾಕಿದರಂತೆ.
ಅಂಗಡಿ ಹೋಯಿತು. ಮಷಿನ್ನು ಈಗ ನಮ್ಮ ಜಗಲಿಯಲ್ಲಿ,
ಕಡಲ ಗಾಳಿಗೆ ಸೂಜಿ ಬೇಗ ತುಕ್ಕು ಹಿಡಿಯುತ್ತದೆ.
ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವವರಿದ್ದಾರೆ.
ಬಟ್ಟೆ ತರುವವರೂ ಇದ್ದಾರೆ, ಮೊದಲಿಗಿಂತ ಕಡಿಮೆ.

ಅವಳ ಫ್ರಾಕು ಹೊಲಿದೆ. ಅರ್ಧ ತೋಳು.
ಸಮಿತಿಯ ಮೇಡಂ ಬಂದು ಒಯ್ದರು.
ಎಲ್ಲಿಗೆ ಎಂದು ಕೇಳಬಾರದು, ಕೇಳಲಿಲ್ಲ.
ಈ ವರ್ಷದ ಅಳತೆ ಹಿಡಿಯಲಿಲ್ಲ ನಾನು,
ಹೋದ ವರ್ಷದ್ದಕ್ಕೆ ಒಂದಿಂಚು ಸೇರಿಸಿದೆ.
ಕೆಳಗೆ ಮೂರಿಂಚು ಮಡಚಿ ಬಿಟ್ಟಿದ್ದೇನೆ, ಕೈಹೊಲಿಗೆ,
ದಾರ ಎಳೆದರೆ ಬಿಚ್ಚಿಕೊಳ್ಳುವಷ್ಟು ಸಡಿಲ.