ತಪ್ಪಚ್ಚು

ಅಪ್ಪ ಅಡುಗೆಯವನಲ್ಲ, ಬಡಿಸುವವನೂ ಅಲ್ಲ.
‘ಕ್ಯಾಲಿಡೋರಾ’ ಹಡಗಿನ ಹೊಟ್ಟೆಯೊಳಗೆ,
ನೀರಿನ ಮಟ್ಟಕ್ಕೂ ಕೆಳಗೆ ಕೂತು
ಊಟದ ಪಟ್ಟಿ ಅಚ್ಚು ಹಾಕುವವನು.

ಬೆಳಗಿನ ನಾಲ್ಕಕ್ಕೆ ಬಾಣಸಿಗನ ಚೀಟಿ
ಜಿಡ್ಡು ಮೆತ್ತಿಕೊಂಡು ಇಳಿದು ಬರುತ್ತಿತ್ತು.
ಎನಾಕ್ ಪ್ಯಾಡ್ವಿಕ್ ಎಂಬ ನಮ್ಮಪ್ಪ
ಹಡಗು ಎಡಕ್ಕೆ ವಾಲಿದರೆ ತಾನು ಬಲಕ್ಕೆ ವಾಲಿ
ಒಂದೊಂದೇ ಮೊಳೆ ಹೆಕ್ಕುತ್ತಿದ್ದ:
ಆಮೆಯ ಸಾರು, ಹುರಿದ ಬಾತುಕೋಳಿ,
ಬೆಣ್ಣೆಯಲ್ಲಿ ಆಸ್ಪರಾಗಸ್ ಕುಡಿ,
ಎಲ್ಲ ಸೀಸದಲ್ಲಿ,
ಎಲ್ಲ ತಿರುಗುಮುರುಗು.

ಮೊದಲ ದರ್ಜೆಗೆ ಬಂಗಾರದಂಚಿನ ಕಾಗದ, ಹನ್ನೊಂದು ಬಗೆ.
ಎರಡನೆಯದಕ್ಕೆ ಆರು.
ಮೂರನೆಯದಕ್ಕೆ ಬಟಾಣಿ ಗಂಜಿ, ಉಪ್ಪುಮೀನು, ಆಲೂಗಡ್ಡೆ;
ಅಡಿಯಲ್ಲಿ ಸಣ್ಣಕ್ಷರ: ದೂರಿದ್ದರೆ ಮೇಲ್ವಿಚಾರಕರಿಗೆ ತಿಳಿಸಿ.
ಪಂಕ್ತಿಭೇದವೆಂದರೆ ಅವನಿಗೆ ಪಾಯಿಂಟುಗಳ ಲೆಕ್ಕ,
ಹದಿನೆಂಟು, ಹನ್ನೆರಡು, ಎಂಟು.

ಅಚ್ಚು ತಪ್ಪಿದ ಹಾಳೆಗಳು ಮನೆಗೆ ಬರುತ್ತಿದ್ದವು.
ಹಿಂಬದಿಯಲ್ಲಿ ಅಮ್ಮ ಕಲ್ಲಿದ್ದಲಿನ ಬಾಕಿ ಬರೆಯುತ್ತಿದ್ದಳು.
ಮುಂಬದಿ ನನ್ನದು ಮತ್ತು ಸಿರಿಲ್‌ನದು.
ನಾರ್ಥಮ್‌ನ ಆ ಒದ್ದೆ ಗೋಡೆಯ ಅಡುಗೆಮನೆಯಲ್ಲಿ
ಅಪ್ಪ ತೋಳಿಗೆ ಒರಸುಬಟ್ಟೆ ಇಳಿಬಿಟ್ಟು,
“ಮೇಡಮ್, ಇವತ್ತೇನು ತರಲಿ?”
ಓದಲು ಬಾರದ ಫ್ರೆಂಚ್ ಹೆಸರಿನ ಮೇಲೆ ನಾನು ಬೆರಳಿಡುತ್ತಿದ್ದೆ.
ಬರುತ್ತಿದ್ದದ್ದು ಬ್ರೆಡ್ಡು,
ಮೇಲೆ ಭಾನುವಾರದ ಮಾಂಸದಿಂದ ಇಳಿದ ಕೊಬ್ಬು ಸವರಿ.
ಸಿರಿಲ್ ಯಾವಾಗಲೂ ಹನ್ನೊಂದನ್ನೂ ಕೇಳುತ್ತಿದ್ದ.
ಅದೇ ಒಂದು ಹೋಳನ್ನು
ಹನ್ನೊಂದು ಮಾಡಿ ಕೊಡುತ್ತಿದ್ದ ಅಪ್ಪ.

“ಆಮೆ ಸಾರಿನ ರುಚಿ ಹೇಗಪ್ಪಾ?”
ಸ್ವಲ್ಪ ಯೋಚಿಸಿ ಹೇಳಿದ:
“ಓರೆ ಅಕ್ಷರ. ಕಾಲು ಬೇಗ ಮುರಿಯುತ್ತದೆ.”

ಒಮ್ಮೆ ಮಾತ್ರ ನವೆಂಬರಿನ ಬಿರುಗಾಳಿಯ ಕತೆ ಹೇಳಿದ.
ತಟ್ಟೆ ಜಾರದಂತೆ ಮೇಜುಬಟ್ಟೆಗೆ ನೀರು ಚಿಮುಕಿಸಿ,
ಸುತ್ತ ಮರದ ಕಟ್ಟೆ ಕಟ್ಟಿ ಕಾದರಂತೆ.
ಮುನ್ನೂರು ಕುರ್ಚಿ. ಒಬ್ಬರೂ ಬರಲಿಲ್ಲ.
ಹನ್ನೊಂದು ಬಗೆಯೂ ರಾತ್ರಿ ಸಮುದ್ರದ ಪಾಲು.
ಹುಡುಗರೆಲ್ಲ ವಾಂತಿ ಮಾಡಿಕೊಂಡು ಮಲಗಿದ್ದರಿಂದ
ಮೂರನೆಯ ದರ್ಜೆಗೆ ಪಟ್ಟಿ ಹಂಚಲು ಅಪ್ಪನೇ ಹೋದ.
ಅಲ್ಲಿ ಪೋಲೆಂಡಿನ ಮುದುಕಿಯೊಬ್ಬಳು
ನಾಲ್ಕು ಸಲ ಗಂಜಿ ಹಾಕಿಸಿಕೊಂಡು
ಪಟ್ಟಿಯನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡಳು.
“ಅವಳಿಗೆ ಓದಲು ಬರುತ್ತಿತ್ತಾ?”
“ಇಲ್ಲ. ತಲೆಕೆಳಗಾಗಿ ಹಿಡಿದಿದ್ದಳು.
ನಾನು ದಿನಾ ಓದುವ ಹಾಗೆ.”

ಹಡಗು ಗುಜರಿಗೆ ಹೋಯಿತು.
ಸಿರಿಲ್ ಹೋದ, ಹನ್ನೊಂದನ್ನೂ ಕೇಳುವ ಬಾಯಿ.
ಒಂದು ಹಾಳೆ ಉಳಿದಿದೆ.
ಎಂಬತ್ತರ ನಾನು ಕಿಟಕಿಗೆ ಹಿಡಿದು,
ಭೂತಗನ್ನಡಿ ಹಿಡಿದು,
ಸಾರಿನಿಂದ ಕಾಫಿಯವರೆಗೆ ಬೆರಳಾಡಿಸಿ ಹುಡುಕುತ್ತೇನೆ.
ಒಂದು ಚುಕ್ಕೆ ಜಾರಿಲ್ಲ. ಮಸಿ ಹರಡಿಲ್ಲ.

ತಿರುಗಿಸಿದರೆ, ಅಮ್ಮನ ಕೂಡುವ ಲೆಕ್ಕದಲ್ಲಿ
ಒಂದು ಪೆನ್ನಿ ತಪ್ಪಿದೆ.