ಹದಿನಾಲ್ಕನೇ ನಿಮಿಷ

ಗುತ್ತಲು ರಸ್ತೆ, ಮೆಡಿಕಲ್ ಸ್ಟೋರಿನ ಮಹಡಿ.
ಇಲ್ಲಿ ಮೊದಲ ಕೆಲಸ ತಲೆ ತೊಳೆಯುವುದು.
ಎಣ್ಣೆ ಇದ್ದರೆ ತಂತಿಗೆ ಏನೂ ಕೇಳಿಸದು.
ಮಂಡ್ಯದಲ್ಲಿ ಎಣ್ಣೆ ಇಲ್ಲದ ತಲೆ
ನಾನು ಕಂಡದ್ದು ಎರಡೇ: ಒಂದು ಬೋಳು,
ಇನ್ನೊಂದು ನಮ್ಮ ಡಾಕ್ಟರದು.
ಸೀಗೆಪುಡಿ, ಬಿಸಿನೀರು, ಟವಲು, ಆಮೇಲೆ
ಅರವತ್ತನಾಲ್ಕು ಗುಂಡಿಯ ಟೋಪಿ,
ಗುಂಡಿಗೊಂದು ಹನಿ ಅಂಟು, ಸಿರಿಂಜಿನಲ್ಲಿ.
"ನಾಟಿ ಹಾಕ್ದಂಗೈತೆ ಕನವ್ವ" ಅಂದಿದ್ದಳು
ಒಬ್ಬಾಕೆ, ಕನ್ನಡಿಯಲ್ಲಿ ನೋಡಿಕೊಂಡು.

ತಿಂಗಳಿಗೊಮ್ಮೆ ಹನ್ನೊಂದು ಊರಿನವರು
ಒಂದು ಪರದೆಯೊಳಗೆ ಇಕ್ಕಟ್ಟಾಗಿ ಕೂರುತ್ತೇವೆ.
ನಮಗೆ ಸಂಜೆಯ ಬಿಸಿಲು,
ಇಂಫಾಲದ ಮೆಮ್ಚಾಳ ಕಿಟಕಿಯಲ್ಲಿ ಆಗಲೇ ಕತ್ತಲು,
ಬೊಗೋಟಾದ ಮಾರಿಸೋಲ್‌ಗೆ ಬೆಳಗಿನ ಮೊದಲ ಕಾಫಿ.
ಮಾತು ಕಳಕೊಂಡವರ ಮಿದುಳು
ಅದನ್ನು ಎಲ್ಲೆಲ್ಲಿ ತಡಕುತ್ತದೆ,
ಎಲ್ಲರೂ ಹಿಡಿದು ಕೂತದ್ದು ಇದೊಂದೇ ಪ್ರಶ್ನೆ.
ಒಬ್ಬರ ಅಲೆ ಎಲ್ಲರಿಗೂ ಸೇರಿದ್ದು.
ಹೆಸರು ಮಾತ್ರ ಈ ಕೋಣೆ ದಾಟುವಂತಿಲ್ಲ.

ಜೂನ್ ತಿಂಗಳ ಸುದ್ದಿ: ಚಿತ್ರಗಳು ಬದಲಾದವು.
ಹಳೆಯ ಕಟ್ಟಿನಲ್ಲಿ ಹಿಮದ ಮೇಲೆ ಜಾರುವ ಬಂಡಿ,
ಮುಳ್ಳುಮುಳ್ಳಾದ ಯಾವುದೋ ತರಕಾರಿ.
ತೋರಿಸಿದರೆ ಮಾತು ಬರುವವರೂ ಮೂಕರಾಗುತ್ತಿದ್ದರು.
ಕುಡುಗೋಲು, ಒಳಕಲ್ಲು, ಮೊರ, ಕೊಪ್ಪರಿಗೆ
ಬರೆಸಿ ಕಳಿಸಿದೆ. ಮೊರಕ್ಕೆ ಏಳು ಓಟು.
ಮಾರಿಸೋಲ್ ಎರಡೂ ಕೈಯೆತ್ತಿ ಗಾಳಿಯಲ್ಲಿ ಕೇರಿದಳು:
ಅವಳ ಅಜ್ಜಿಯ ಮನೆಯಲ್ಲೂ ಇತ್ತಂತೆ.

ಜುಲೈ: ಪ್ರಾಗ್‌ನವರ ಪ್ರಶ್ನೆ.
ನಿಮ್ಮ ಗುರುವಾರದ ಅಲೆಗಳೇಕೆ ಇಷ್ಟು ನಿರ್ಮಲ?
ಯಾವ ಕಂಪನಿಯ ಶೋಧಕ?
ಡಾಕ್ಟರು ಕೆಮ್ಮಿದರು. ನಾನೇ ಹೇಳಿದೆ:
ಗುರುವಾರ ಇಲ್ಲಿ ಕರೆಂಟ್ ತೆಗೀತಾರೆ.
ಗೋಡೆಯೊಳಗಿನ ಗುಂಯ್ ಸಾಯುತ್ತದೆ,
ಬ್ಯಾಟರಿಯ ಮೇಲೆ ಮಿದುಳು ಒಂದೇ ಉಳಿಯುತ್ತದೆ.
ಈಗ ಅವರೂ ವಾರಕ್ಕೊಂದು ದಿನ
ಫ್ಯೂಸು ಕಿತ್ತು ಕೂರುತ್ತಾರಂತೆ.

ಆಗಸ್ಟ್ ಎಂದರೆ ಮೂವತ್ತೊಂದು.
ಅದು ಅವನ ನಂಬರು.
ಆಲೆಮನೆಯಲ್ಲಿ ಪಾಕ ನೋಡಿ ನೋಡಿ
ಹುಬ್ಬು ಸುಟ್ಟುಕೊಂಡವನು. ನೀರಿಗೆ ಒಂದು ತೊಟ್ಟು ಬಿಟ್ಟು
ಇಳಿಸು, ಇನ್ನೊಂದು ಚಣ ಬಿಡು, ಎಂದು
ಹದ ಹೇಳುತ್ತಿದ್ದ ಬಾಯಿ.
ಈಗ ಬೆಲ್ಲ ತೋರಿಸಿದರೆ,
"ಅದು... ಅದೇ... ನಂದು."

ಪ್ರಾಗ್‌ನಿಂದ ಚೀಟಿ:
ಮೂವತ್ತೊಂದು, ಹದಿನಾಲ್ಕನೇ ನಿಮಿಷ,
ಹನ್ನೆರಡು ಸೆಕೆಂಡು ಗದ್ದಲ.
ಕಿವಿಯ ಪಕ್ಕದ ತಂತಿಗಳೆಲ್ಲ ಹುಚ್ಚೆದ್ದಿವೆ. ಅಳಿಸೋಣವೆ?

ಅಳಿಸಬೇಕು. ಹಲ್ಲು ಕಡಿದದ್ದು, ರೆಪ್ಪೆ ಬಡಿದದ್ದು,
ಕೆನ್ನೆಯೊಳಗೆ ಅದುರಿದ್ದು
ಯಾವುದೂ ಮಿದುಳಿನ ಲೆಕ್ಕಕ್ಕಿಲ್ಲ.

ಆದರೆ ನಾನು ಆ ಕೋಣೆಯಲ್ಲಿದ್ದೆ.
ಪರದೆಯ ಮೇಲೆ ಕೊಪ್ಪರಿಗೆ. ಅವನಿಗೆ ಪದ ಬರುತ್ತಿಲ್ಲ,
ಹಣೆಯಲ್ಲಿ ಬೆವರು.
ಕೆಳಗೆ ಅಂಗಡಿಯಲ್ಲಿ ಅವನ ಹೆಂಡತಿ ಹುಡುಗನಿಗೆ:
"ಹತ್ ಗುಳ್ಗೆಗ್ ಇಷ್ಟಾ? ಚಿನ್ನ ಅರ್ದು ಬೆರ್ಸಿದ್ದೀಯೇನ್ಲಾ?"
ಅಲುಗಬೇಡಿ ಎಂದಿದ್ದೆನಲ್ಲ,
ಪಾಪ, ತುಟಿ ಬಿಗಿದು
ಹನ್ನೆರಡು ಸೆಕೆಂಡು ನಕ್ಕ.

ಅಷ್ಟನ್ನೂ ಬರೆದು ಕಳಿಸಿದೆ, ಹೆಸರೊಂದು ಬಿಟ್ಟು.
ಎರಡು ದಿನ ಯಾರದೂ ಸದ್ದಿಲ್ಲ.
ಆಮೇಲೆ ಇಂಫಾಲದಿಂದ: ನಮ್ಮಲ್ಲೂ ಒಂದಿದೆ,
ಒಂಬತ್ತನೇ ನಿಮಿಷ, ಮೊಮ್ಮಗು ಸೀನಿತ್ತು.
ಬೊಗೋಟಾದಿಂದ ಮೂರು.
ಕಸದ ಕಡತ ತಿರುವಿ ತಿರುವಿ
ಹನ್ನೊಂದು ಊರಿನ ನಗು ಹೆಕ್ಕಿದೆವು.
ಪ್ರಬಂಧದಲ್ಲಿ ಅದಕ್ಕೆ ಜಾಗವಿಲ್ಲ,
ಕೋಷ್ಟಕದಲ್ಲಿ ಅಳಿಸಿಯೇ ಇದೆ.
ಬೇರೆ ಒಂದು ಕಡತ ಮಾಡಿಟ್ಟೆವು ಅಷ್ಟೆ.
ಹೆಸರು ಇಟ್ಟವಳು ಮಾರಿಸೋಲ್, ಕನ್ನಡದಲ್ಲೇ: ಮೊರ.

ಹೋದ ಗುರುವಾರ ಮೂವತ್ತೊಂದು ಮತ್ತೆ ಬಂದ.
ತಲೆ ತೊಳೆದೆ. ಅಂಟು ಹಾಕುವಾಗ ಅವನಾಕೆ
ಬಾಗಿಲಲ್ಲಿ ನಿಂತು ಕೇಳಿದಳು,
"ಏನಾರ ಕಾಣ್ತಾ ಮಗಾ, ಒಳಗೆ?"
ನೀವು ಕಂಡ್ರಿ ಅಂತ ಹೇಳಬೇಕೆಂದಿದ್ದೆ.
ಅಷ್ಟರಲ್ಲಿ ಕರೆಂಟ್ ಬಂತು,
ಗೋಡೆ ಗುಂಯ್ ಅಂತು.